ಹುನಗುಂದದಲ್ಲಿ ನೋಡಿದ ಗಿಟಾರು

ನವನಗರ, ಬಾಗಲಕೋಟೆ
ರವಿವಾರ, ೨೨ ಸೆಪ್ಟೆಂಬರ್ ೨೦೨೪

ಪ್ರೀತಿಯ ತಮ್ಮ ಮಾಂತು,

ಹೇಗಿದ್ದೀ? ಬೆನ್ನುನೋವು ಅನ್ನುತ್ತಿದ್ದೆ, ಪುಣೆಯ ಮಳೆಗೆ ಹೆಚ್ಚಾಗಿರಬಹುದು. ಹೊಟೇಲಿನ ಅನ್ನ ಬಿಟ್ಟು ರೊಟ್ಟಿ ತಿನ್ನು. ಇಲ್ಲಿ ನಾವೆಲ್ಲ ಇದ್ದೇವೆ. ಅವ್ವನ ಮೊಣಕಾಲು ಹಾಗೆಯೇ ಇದೆ. ಕೇಳಿದರೆ 'ನನಗೆಷ್ಟು ವಯಸ್ಸಾಗೇತಿ, ಅದಕ್ಕೂ ಅಷ್ಟ ಆಗೇತಿ, ಬಿಡಪಾ' ಎನ್ನುತ್ತಾಳೆ. ನಿನ್ನ ವೈನಿ ಶೇಂಗಾ ಚಟ್ನಿ ಕುಟ್ಟಿ ಡಬ್ಬಿ ತುಂಬಿಸಿಟ್ಟಿದ್ದಾಳೆ, ಯಾರ ಕೈಯಲ್ಲಿ ಕಳಿಸಬೇಕೆಂದು ತಿಳಿಯದೆ ಅದು ಕಪಾಟಿನಲ್ಲಿ ಕೂತಿದೆ. ಫೋನು ಮಾಡಬಹುದಿತ್ತು. ಆದರೆ ನಿನ್ನ ಹೆಸರು ಕಿವಿಗೆ ಬಿದ್ದೊಡನೆ ಅವ್ವ ಫೋನು ಕಸಿದುಕೊಳ್ಳುತ್ತಾಳೆ, ಆಮೇಲೆ ಮಾತೆಲ್ಲ ಅವಳದೇ. ಅದಕ್ಕೇ ಕಾಗದ.

ನನ್ನ ಮಗಳು ಮಾದೇವಿ ಕಾಕಾನ ಹಾಗೆ ಬೇಸ್ ಗಿಟಾರು ಬಾರಿಸಬೇಕೆಂದು ಹಟ ಹಿಡಿದದ್ದು ನಿನಗೆ ಗೊತ್ತೇ ಇದೆ. ಹುನಗುಂದದಲ್ಲಿ ಮದುವೆಗಳಿಗೆ ಸ್ಪೀಕರು ಬಾಡಿಗೆ ಕೊಡುವ ತಸ್ಲೀಮಾ ಎಂಬಾಕೆಯ ಬಳಿ ಐದು ತಂತಿಯ ದುಬಾರಿ ಗಿಟಾರೊಂದು ಮಾರಾಟಕ್ಕಿದೆ ಎಂದು ತಿಳಿಯಿತು. ಹಳೆಯದನ್ನು ಕೊಳ್ಳುವಾಗ ಏನೇನು ನೋಡಬೇಕೆಂದು ನೀನು ಮಾದೇವಿಗೆ ಹೇಳಿದೆ, ಅವಳು ಅದನ್ನೆಲ್ಲ ನನಗೆ ಬಾಯಿಪಾಠ ಮಾಡಿಸಿದಳು. ಅವಳಿಗೆ ಟ್ಯೂಷನ್ ಇತ್ತು. ನಿನ್ನೆ ನಾನೊಬ್ಬನೇ ಹೋದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ತೆಗೆದುಕೊಂಡೆ. ಯಾರಿಗಾಗಿ ಎಂದು ಯೋಚಿಸಿರಲಿಲ್ಲ.

ಸ್ಪೀಕರುಗಳ ನಡುವೆ ಒಂದು ಮಂಚ, ಅದರ ಮೇಲೆ ಚಾದರ ಹಾಸಿ ಗಿಟಾರನ್ನು ಮಲಗಿಸಿದ್ದಳು. ಜೇನಿನ ಬಣ್ಣ. ನಿನ್ನದೂ ಅದೇ ಕಂಪನಿಯದು, ಇಂಥ ಬಣ್ಣದವು ಬೇಕಾದಷ್ಟು ಬರುತ್ತವೆ ಎಂದುಕೊಂಡೆ. 'ಅಳಿಯಾ ಬಾರಸ್ತೇನಿ ಅಂತ ತಂದಾರಿ, ಅಂವಾ ಬಾರಿಸಿದ್ದು ಬರೇ ಊಟದ ತಾಟು' ಎಂದು ತಸ್ಲೀಮಾ ನಕ್ಕಳು. ನಾನೂ ನಕ್ಕಿರಬೇಕು. ನೀನು ಹೇಳಿದಂತೆ, ಹೊಸ ಚೌಕಟ್ಟನ್ನು ನೋಡುವ ಬಡಿಗನ ಹಾಗೆ, ಒಂದು ಕಣ್ಣು ಮುಚ್ಚಿ ಅದರ ಕತ್ತಿನುದ್ದಕ್ಕೂ ನೋಡಿದೆ. ನೆಟ್ಟಗಿತ್ತು. ಕತ್ತಿನ ಮೇಲಿನ ಒಂದೊಂದು ಲೋಹದ ಪಟ್ಟಿಯ ಹಿಂದೆಯೂ ಬೆರಳೊತ್ತಿ ಮೀಟಿದೆ, ಎಲ್ಲಿಯೂ ಸ್ವರ ಸಾಯಲಿಲ್ಲ. ದಪ್ಪ ತಂತಿಗಳ ಕೆಳಗೆ ಪಟ್ಟಿಗಳು ಸವೆದಿದ್ದವು. ಯಾರೋ ಅಲ್ಲಿಯೇ ಬಹಳ ಕಾಲ ಇದ್ದು ಹೋಗಿದ್ದರು. ಬಿರಡೆಗಳು ಬಿಗಿಯಾಗಿದ್ದವು. ಸ್ಪೀಕರಿಗೆ ಸಿಕ್ಕಿಸಿ ಗುಂಡಿ ತಿರುವಿದಾಗ ಮಾತ್ರ ಒಳಗಿನಿಂದ ಕರಕರ ಸದ್ದು ಬಂತು. ಸದ್ದು ಬಂದರೆ ಹಿಂದಿನ ಬ್ಯಾಟರಿ ಗೂಡು ತೆಗೆದು ನೋಡಬೇಕೆಂದೂ ನೀನೇ ಹೇಳಿದ್ದೆ. ತೆಗೆದೆ.

ಬ್ಯಾಟರಿಯ ಪಕ್ಕದಲ್ಲಿ, ಕೆಂಪು ಸೆರಗಿನ ಚೂರಿನಲ್ಲಿ ಕಟ್ಟಿದ ವಿಭೂತಿ ಇತ್ತು.

ನೀನು ಮೊದಲ ಸಲ ಗಿಟಾರು ಮನೆಗೆ ತಂದಾಗ ಅವ್ವ ಶಿವಯೋಗ ಮಂದಿರದ ವಿಭೂತಿ ಹಿಡಿದುಕೊಂಡು ಬಂದು 'ಇದರ ಜೀವಾ ಎಲ್ಲೈತಿ ತೋರ್ಸಪಾ' ಎಂದಿದ್ದಳು. ನೀನು ನಗುತ್ತ ಆ ಗೂಡು ತೆರೆದೆ. 'ಜೀವ ಇದ್ದಲ್ಲೇ ಇಭೂತಿ ಇರಬೇಕು' ಎಂದು ತನ್ನ ಹಳೆಯ ಇಳಕಲ್ ಸೀರೆಯ ಸೆರಗು ಹರಿದು ಗಂಟು ಕಟ್ಟಿ ಒಳಗೆ ತುರುಕಿದಳು. ಪುಡಿ ಉದುರಿ ಸದ್ದಾಗುತ್ತದೆಂದು ಗೊತ್ತಿದ್ದೂ ನೀನು ಅದನ್ನು ತೆಗೆಯಲಿಲ್ಲ. ಯಾರಾದರೂ ಕೇಳಿದರೆ 'ಅವ್ವ ಒಳಗ ಕುಂತು ಬಯ್ಯಾಕತ್ತಾಳ' ಎನ್ನುತ್ತಿದ್ದೆ. ನಾನು ಗಂಟನ್ನು ತಿರುಗಿಸಿ ನೋಡುತ್ತಿದ್ದುದನ್ನು ಕಂಡು ತಸ್ಲೀಮಾ, 'ಯಾರದೋ ದೇವ್ರದ್ದು ಇರಬೇಕ್ರಿ, ಬ್ಯಾಟ್ರಿ ಬದಲಿಸಿದಾಗೆಲ್ಲ ಮತ್ತ ಅಲ್ಲೇ ಇಟ್ಟೇನಿ' ಎಂದಳು. ಅಳಿಯ ಪುಣೆಯಲ್ಲಿ ಕೆಲಸಕ್ಕಿದ್ದಾಗ, ಎರಡು ವರ್ಷದ ಹಿಂದೆ, ಹಳೆಯ ವಾದ್ಯಗಳ ಅಂಗಡಿಯಲ್ಲಿ ಕೊಂಡದ್ದಂತೆ.

ಸಿಟ್ಟು ಬರಬಹುದೆಂದು ಕಾದೆ, ಬರಲಿಲ್ಲ. ಬಹಳ ಹೊತ್ತು ಕೂತು ಎದ್ದಾಗ ಕಾಲು ಜೋಮು ಹಿಡಿದಿರುತ್ತದಲ್ಲ, ನಿಂತಿರುವುದು ಗೊತ್ತು, ನೆಲ ಗೊತ್ತಾಗುವುದಿಲ್ಲ, ಹಾಗಿದ್ದೇನೆ. ಹೋದ ವಾರವೂ ನೀನು ಅವ್ವನಿಗೆ ರೆಕಾರ್ಡಿಂಗಿನ ಸುದ್ದಿ ಹೇಳಿದೆ. ಹೋದ ಮಹಾನವಮಿಗೂ ಅವಳು ಫೋನಿನಲ್ಲಿ 'ಗಿಟಾರಕ್ಕ ಇಭೂತಿ ಹಚ್ಚಿದೇನಪಾ?' ಎಂದು ಕೇಳಿದಳು, ನೀನು 'ಹಚ್ಚೇನವ್ವ' ಎಂದೆ. ಅದನ್ನು ಕೇಳಿದ ಮೇಲೆಯೇ ಅವಳು ಊಟಕ್ಕೆ ಕೂತಳು. ಮಾದೇವಿಗೆ ಅಷ್ಟೆಲ್ಲ ವಿವರವಾಗಿ ಹೇಳುವಾಗ ನಿನ್ನ ಬೆರಳುಗಳು ಏನು ಮಾಡುತ್ತಿದ್ದವು ಎಂದು ಯೋಚಿಸುತ್ತೇನೆ. ಯಾಕೆ ಮಾರಿದೆ, ಈಗ ಅಲ್ಲಿ ಏನು ಮಾಡುತ್ತೀ ಎಂದು ಕೇಳುವುದಿಲ್ಲ. ಗಂಟನ್ನು ಮರೆತೆಯೋ, ಬೇಕೆಂದೇ ಬಿಟ್ಟೆಯೋ, ಅಷ್ಟನ್ನು ಕೇಳಬೇಕೆನಿಸಿತ್ತು. ಬಸ್ಸಿನಲ್ಲಿ ಬರುತ್ತ ಅದೂ ಬೇಡವೆನಿಸಿತು.

ಗಿಟಾರು ಚೆನ್ನಾಗಿದೆ. ಕೊಂಡು ತಂದೆ. ಕಾಕಾನದರ ಹಾಗೇ ಇದೆಯಲ್ಲ ಎಂದು ಮಾದೇವಿ ಕುಣಿದಳು. ಹೌದು ಎಂದೆ.

ಬೆನ್ನಿಗೆ ಎಣ್ಣೆ ಹಚ್ಚಿಕೋ. ಅವ್ವ ಒಳಗೆ ಮಲಗಿದ್ದಾಳೆ, ಅವಳ ಆಶೀರ್ವಾದವನ್ನು ಕೇಳದೆಯೇ ಬರೆಯುತ್ತಿದ್ದೇನೆ. ವೈನಿ, ಮಾದೇವಿ ನೆನೆದಿದ್ದಾರೆ. ಸಂಗಮನಾಥ ನಿನ್ನ ಬೆನ್ನಿಗಿರಲಿ.

ನಿನ್ನ ಅಣ್ಣ,
ರಾಚಯ್ಯ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವ ಎದ್ದು ಬಂದಳು. ಮೊಮ್ಮಗಳ ಗಿಟಾರಿಗೂ ಇಭೂತಿ ಕಟ್ಟಬೇಕಂತೆ. 'ಇದರ ಜೀವಾ ಎಲ್ಲೈತೋ?' ಎಂದು ಅದರ ಮೈಯೆಲ್ಲ ತಡವಿದಳು. ಮಹಾನವಮಿಗೆ ಕಟ್ಟಿದರಾಯಿತು ಎಂದು ಹೇಳಿ ಕಳಿಸಿದ್ದೇನೆ. ಗಂಟನ್ನು ತೆಗೆದು ಬೇರೆಡೆ ಇಡಬಹುದು. ಕೈ ಹಾಕಿಯೂ ಹಾಕಿದೆ. ತಸ್ಲೀಮಾ ತೆಗೆಯದ್ದನ್ನು ನಾನು ಹೇಗೆ ತೆಗೆಯಲಿ? ಹಬ್ಬದ ದಿನ ಮುಂಜಾನೆ ಅವ್ವ ಸೆರಗಿನ ಚೂರು ಹಿಡಿದು ಬಂದು ನಿಲ್ಲುತ್ತಾಳೆ. ಹೋದ ಸಲ ಗೂಡು ತೆರೆದು ತೋರಿಸಿದವನು ನೀನು. ಅಷ್ಟರೊಳಗೆ ಬಾ. ಬಾರದಿದ್ದರೆ ನಾನೇ ತೆರೆಯಬೇಕಾಗುತ್ತದೆ.