ಬೆಲ್ಲದ ಕೆಳಗಿನ ಕಾರ್ಡುಗಳು

ಪಕ್ಕದ ಬಾಗಿಲ ಡಾಕ್ಟ್ರಿಗೆ, ನಿಮ್ಮ ದಿನಸಿ ಅಂಗಡಿ ಇಬ್ರಾಹಿಮನ ಸಲಾಂ.

ಬಾಳೆಹೊನ್ನೂರಿನಿಂದ ಒಬ್ಬರು ಬಂದಿದ್ದರಲ್ಲ, ನೆನಪುಂಟಾ? ನಾನು ಕೆಮ್ಮಿನ ಮದ್ದಿಗೆ ನಿಮ್ಮ ಬೆಂಚಿನ ಮೇಲೆ ಕೂತಿದ್ದೆ. ನಮ್ಮ ಅಕ್ಕನ ಮಗನಿಗೆ ಭಂಡಿಗಡಿಯ ಲಲಿತಾಳನ್ನು ನೋಡಿದ್ದೇವೆ, ಅವಳಿಗೆ ಎಂತ ಕಾಯಿಲೆಗೆ ಮದ್ದು ಕೊಟ್ಟಿರಿ, ಕಾರ್ಡು ತೆಗೆದು ಹೇಳಿ ಎಂದು ಹಠ ಹಿಡಿದಿದ್ದರು. ನೀವು ಸಿಟ್ಟಾಗಲಿಲ್ಲ. "ಆಯ್ತು ಮಾರಾಯ್ರೆ, ನಿಮ್ಮ ಕಾರ್ಡೂ ಇಲ್ಲೇ ಉಂಟು. ಮೊದ್ಲು ಅದನ್ನ ಇವರಿಗೆಲ್ಲ ಓದ್ಲಾ?" ಎಂದಿರಿ. ನಮ್ಮೆಲ್ಲರ ಕಿವಿ ನೆಟ್ಟಗಾಯಿತು. ಆ ಮನುಷ್ಯ ಕೊಡೆಯನ್ನೂ ಬಿಟ್ಟು ಬಸ್ಸಿಗೆ ಓಡಿದ್ದು ನೆನೆದರೆ ಈಗಲೂ ನಗು ಬಂದು ತೂಕ ತಪ್ಪುತ್ತದೆ.

ನೀವು ಕಣ್ಣು ಮುಚ್ಚಿದ ಮೇಲೆ ಆದದ್ದು ಕೇಳಿ. ನಿಮ್ಮ ಭಾವ ಕ್ಲಿನಿಕ್ಕು ಖಾಲಿ ಮಾಡಿಸಿ, ಹಳೇ ಕಾಗದವನ್ನೆಲ್ಲ ಚೀಲಕ್ಕೆ ತುಂಬಿಸಿ ನನಗೇ ರದ್ದಿಗೆ ಹಾಕಿದರು. ಪಾಪ, ಅವರಿಗೇನು ಗೊತ್ತು? ನನ್ನ ಹೆಂಡತಿ ಜುಲೇಖಾ ಕಡಲೆಕಾಯಿ ಕಟ್ಟಲೆಂದು ಒಂದನ್ನು ಸುರುಳಿ ಸುತ್ತಿದವಳು ಹಾಗೇ ನಿಂತುಬಿಟ್ಟಳು. "ರೀ, ಇದು ಡಾಕ್ಟ್ರ ಅಕ್ಷರ ಅಲ್ವಾ?" ನೋಡಿದರೆ ಚೀಲದ ತುಂಬ ನಿಮ್ಮ ರೋಗಿಗಳ ಕಾರ್ಡುಗಳು. ನಮ್ಮ ಕೊಪ್ಪದವರ ಕಾಯಿಲೆಗಳೆಲ್ಲ ಕಡಲೆಕಾಯಿ ಜೊತೆ ಸಂತೆ ಸುತ್ತಿದ್ದರೆ... ಹಾಡುಹಗಲೇ ಅಂಗಡಿ ಬಾಗಿಲು ಎಳೆದೆವು.

ಸುಟ್ಟುಬಿಡೋಣವೇ? ಮುಂದೆ ಬೇರೆ ಡಾಕ್ಟ್ರು ಕೇಳಿದರೆ ಆ ರೋಗಿಗಳು ಏನು ತೋರಿಸಬೇಕು? ಕಡೆಗೆ ಜುಲೇಖಾಳೇ ದಾರಿ ಹೇಳಿದಳು. ಹೆಸರಷ್ಟೇ ಓದಿ, ಮಡಚಿ, ಅಂಟು ಹಾಕಿಟ್ಟೆವು. ಸಾಮಾನಿಗೆ ಬಂದವರ ಕೈಚೀಲದಲ್ಲಿ, ಬೆಲ್ಲದ ಕೆಳಗೆ, ಅವರವರ ಕಾರ್ಡು. "ಡಾಕ್ಟ್ರು ಕೊಟ್ಟದ್ದು" ಎಂದು ಮೆಲ್ಲಗೆ ಹೇಳುತ್ತಿದ್ದೆ. ಕೆಲವರು ಅಲ್ಲೇ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಮೊನ್ನೆ ಲಲಿತಾ ಬಂದಳು, ಗಂಡನ ಜೊತೆ. ಡಾಕ್ಟ್ರೇ, ಅದೇ ಅಕ್ಕನ ಮಗ, ಅದೇ ಹುಡುಗ! ಮಾವ ಓಡಿದರೂ ಅವನು ಓಡಲಿಲ್ಲ ನೋಡಿ. ಆದರೆ ಅವನೆದುರು ಕೊಡುವುದು ಹೇಗೆ? ತೂಗಿದ ಬೆಲ್ಲವನ್ನೇ ಮತ್ತೆ ಮತ್ತೆ ತೂಗುತ್ತಿದ್ದೆ. ಅವಳೇ ನಕ್ಕಳು. "ನಂದೂ ಕಾರ್ಡು ಉಂಟಲ್ಲ, ಕೊಡಿ ಸಾಯ್ಬ್ರೆ. ಮದುವೆಗೆ ಮುಂಚೆ ನಾನೇ ಇವರಿಗೆ ಎಲ್ಲ ಹೇಳಿದೀನಿ." ಅವಳಿಗೆ ಏನಾಗಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ನೀವು ಬಾಯಿ ಬಿಡದ್ದರಿಂದಲ್ಲವೇ, ಹೇಳುವುದು ಅವಳ ಪಾಲಿಗೆ ಉಳಿದದ್ದು?

ಹೊರಡುವಾಗ ಹುಡುಗ, "ನಮ್ಮ ಮಾವಂದೂ ಕೊಡಿ, ನಾನೇ ಮುಟ್ಟಿಸ್ತೀನಿ" ಎಂದ. ಮುಖದ ತುಂಬ ತುಂಟನಗು. ನಾನು ಕೊಡಲಿಲ್ಲ. ಅವರೇ ಬರಲಿ, ಅವರ ಕೊಡೆಯೂ ಈಗ ನನ್ನ ಅಂಗಡಿಯಲ್ಲೇ ಕಾಯುತ್ತಿದೆ. ಅವರ ಕಾರ್ಡಿನ ಅಂಟು ಬಿಚ್ಚಿ ನೋಡುವ ಆಸೆ ನನಗೆ ಎಷ್ಟಿದೆಯೆಂದು ನಿಮಗೆ ಗೊತ್ತೇ ಇದೆ. ಆದರೂ ಬಿಚ್ಚುವುದಿಲ್ಲ, ನಿಮ್ಮಾಣೆ.