ರಾಚಯ್ಯನ ಹೆಸರಿಗೆ ಬರೆಸಿದ ವಿಮೆ

೧೪-೫-೧೯೫೬, ಸೋಮವಾರ. ಚಾಮರಾಜನಗರ.

ನಾನು ಮಾಡಿದ ಉಳಿತಾಯ ಗಂಟಲಲ್ಲಿ ಸಿಕ್ಕಿಕೊಂಡಿದೆ. ಮಗ ಸಿದ್ದಮಲ್ಲು ಕಾರು ಕಲಿತು ಎರಡೇ ತಿಂಗಳು. ಹೊಸ ಹುಡುಗ ಓಡಿಸಿದರೆ ವಿಮೆಯ ಕಂತು ಹೆಚ್ಚೆಂದು ಏಜೆಂಟರು ಅಂದಾಗ, ಡ್ರೈವರ್ ರಾಚಯ್ಯನೊಬ್ಬನೇ ಓಡಿಸುತ್ತಾನೆಂದು ಬರೆಸಿದ್ದೆ.

ನಿನ್ನೆ ಮಗ ಓಡಿಸಿದ. ಕುದೇರಿನ ಹತ್ತಿರ ಸೌದೆ ಹೊತ್ತ ಹೆಂಗಸೊಬ್ಬಳು ಚಕ್ರಕ್ಕೆ ಸಿಕ್ಕಿ ಸತ್ತಳು.

ಇವತ್ತು ಪೊಲೀಸರು ಮನೆಗೇ ಬಂದು, ಕಾರು ಓಡಿಸಿದ್ದು ಯಾರೆಂದು ಕೇಳಿದರು. ಮಗ ನನ್ನ ಮುಖ ನೋಡಿದ. ನಾನು ಅಂಗಳದಲ್ಲಿದ್ದ ರಾಚಯ್ಯನ ಮುಖ ನೋಡಿದೆ. ಅಷ್ಟೇ ಸಾಕಾಯಿತು.

"ನಾನೇ ಓಡುಸ್ತಿದ್ದೆ ಸಾಮಿ. ಚಿಕ್ ಬುದ್ಧಿಯೋರು ಕಾರ್‌ನಲ್ಲಿ ಇರ್ನೇ ಇಲ್ಲ" ಅಂದ ರಾಚಯ್ಯ, ನನ್ನ ಮಗನತ್ತ ಕೈ ತೋರಿಸಿ.

ಕರೆದುಕೊಂಡು ಹೋದರು. ಅವನ ಕೈಯ ಅರಿಸಿನ ಇನ್ನೂ ಹೋಗಿರಲಿಲ್ಲ. ನಿನ್ನೆ ಅವನ ಮಗಳ ಧಾರೆ. ರಜೆ ಕೊಟ್ಟವನು ನಾನೇ. ಊರವರೆಲ್ಲ ಅವನನ್ನು ಚಪ್ಪರದಲ್ಲಿ ನೋಡಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ಅಕ್ಷತೆ ಹಾಕಿ ಬಂದ ನಾನೂ...