ನೀನು ನಿಲ್ಲಿಸು ಎಂದ ಮಿಲ್ಲು

ಪ್ರೀತಿಯ ಮಾವ,

ನೀನು ಹೋಗಿ ಮೂರು ತಿಂಗಳಾಯಿತು. ಈ ಕಾಗದ ನಿನಗೆ ಸಿಗುವುದಿಲ್ಲ ಎಂಬ ಧೈರ್ಯದ ಮೇಲೆಯೇ ಬರೆಯುತ್ತಿದ್ದೇನೆ. ನೀನು ಎದುರಿಗಿದ್ದರೆ ನನಗೆ ಬಾಯಿ ಏಳುತ್ತಿರಲಿಲ್ಲ.

ಮೊದಲ ದಿನ ನೆನಪಿದೆಯಾ? ಸೇಲಂನ ಮಗ್ಗ ಬಿಟ್ಟು ಬಿಳಿಕಲ್ಲಿನ ಗಣಿಯ ಲ್ಯಾಬಿಗೆ ಸೇರಿದ್ದ ನೀನು, ಅಕ್ಕನ ಮಗನೆಂದು ನನ್ನನ್ನೂ ಅಲ್ಲಿಗೆ ಸೇರಿಸಿದೆ. ಉಕ್ಕಿನ ಗುಂಡುಗಳ ಮಿಲ್ಲಿನಲ್ಲಿ ಕಲ್ಲು ಅರೆಯುವುದು ನಿನ್ನ ಕೆಲಸ. ಅರೆದದ್ದಕ್ಕೆ ನೀರು, ಸೋಪಿನಂಥ ಔಷಧಿ ಹಾಕಿ ಗಾಳಿ ಬಿಡುವುದು ನನ್ನದು. ಬಿಳಿಕಲ್ಲು ನೊರೆ ಹಿಡಿದು ಮೇಲೆ ಬರಬೇಕು, ಅದರಲ್ಲಿ ಬೆರೆತ ಮರಳು ತಳಕ್ಕಿಳಿಯಬೇಕು. ನಮ್ಮ ಹೊಟ್ಟೆಪಾಡೆಲ್ಲ ಅಷ್ಟೇ.

ಎಂಜಿನಿಯರು ಇನ್ನೂ ನುಣ್ಣಗೆ ಬೇಕೆಂದ ದಿನ ನೀನು ಅರೆದ ಕೆಸರನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದೆ, ನೂಲಿನ ಗಂಜಿ ನೋಡುವ ಹಾಗೆ. "ಪೋದುಂ ಕಣ್ಲಾ, ಸಾಕು, ನಿಲ್ಸು. ಇನ್ನೂ ಅರುದ್ರೆ ಬರೀ ಲೋಳೆ ಆಯ್ತೈತೆ. ಔಸ್ದಿಯೆಲ್ಲಾ ಅದೇ ಕುಡೀತೈತೆ" ಅಂದೆ. ನಾನು ಡಿಪ್ಲೊಮಾ ಓದಿದವನಲ್ಲವೇ? "ನಿಂಗೇನ್ ಗೊತ್ತು ಮಾವ, ಸುಮ್ನೆ ಅರಿ" ಎಂದೆ, ಎಲ್ಲರ ಮುಂದೆ. ನೀನು ಅರೆದೆ. ನೊರೆಯ ಜೊತೆ ಮರಳೂ ಬಂತು. ನಾನು ಔಷಧಿ ಹೆಚ್ಚಿಸಿದೆ, ಮರಳೂ ಹೆಚ್ಚಾಯಿತು. ತಪ್ಪು ಯಾರದೆಂದು ಎಂಜಿನಿಯರು ಕೇಳಿದಾಗ ನಾನು ಮಿಲ್ಲಿನ ಕಡೆ ನೋಡಿದೆ. ಅಷ್ಟು ಸಾಕಾಯಿತು.

ನಿನ್ನನ್ನು ಕಲ್ಲು ಒಡೆಯುವ ಕ್ರಷರಿಗೆ ಹಾಕಿದರು. ಆ ಧೂಳಿನಲ್ಲಿ ಮೂರು ವರ್ಷ... ನಿನ್ನ ಕೆಮ್ಮು ಕೇಳಿದಾಗಲೆಲ್ಲ ತಪ್ಪೊಪ್ಪಿಕೊಳ್ಳಬೇಕು ಅಂದುಕೊಂಡೆ. ನೀನೋ "ಬೀಡಿ ಕೆಮ್ಲು, ಬುಡು" ಎಂದು ನಗುತ್ತಿದ್ದೆ. ನೀನು ಬೀಡಿ ಸೇದಿದ್ದು ಯಾವಾಗ ಮಾವ?

ನಿನ್ನೆ ನಾನು, ಅಂದು ನೀನು ಹೇಳಿದ್ದ ಹದಕ್ಕೇ ಮಿಲ್ಲು ನಿಲ್ಲಿಸಿದೆ. ಇದ್ದ ಲೋಳೆಯನ್ನು ತೊಳೆದು ಚೆಲ್ಲಿ, ಔಷಧಿ ಅರ್ಧ ಮಾತ್ರ ಹಾಕಿದೆ. ಬಿಳಿಕಲ್ಲು ನೊರೆಯಾಗಿ ಎದ್ದು ಬಂತು, ಮರಳು ತಳದಲ್ಲೇ ಉಳಿಯಿತು. ಎಂಜಿನಿಯರು ಬೆನ್ನು ತಟ್ಟಿ, ಇದು ಯಾರ ಯೋಚನೆ ಎಂದರು. ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು.

"ನಂದೇ ಸಾರ್" ಅಂದೆ.

ಮನೆಗೆ ಬಂದು ಅತ್ತೆಯ ಹತ್ತಿರ, ಕೊನೆಗೂ ಮಾವನ ಮಾತೇ ಸರಿಯಾಯಿತು ಎಂದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಆಪೀಸ್ನಾಗೆ ನಿಮ್ ಮಾವುನ್ ಎಸ್ರು ಏಳ್ದೇನಪ್ಪಾ?" ಎಂದು ಕೇಳಿದಳು.

ಹೇಳಿದೆ ಅತ್ತೆ, ಅಂದೆ. ಮೂರು ತಿಂಗಳ ಮೇಲೆ ನಿನ್ನೆ ಅವಳು ಹೊಟ್ಟೆ ತುಂಬ ಉಂಡಳು.